ಹಾಸಿಗೆ ಎಷ್ಟು, ಗುತ್ತಿಗೆ ಎಷ್ಟು? ತಾಳವಾಡಿ ಸೀಮೆಯ ಸಣ್ಣ ಎಂಜಿನಿಯರಿಂಗ್ ಸಂಸ್ಥೆಗಳಿಗೆ ಒಂದು ಲೆಕ್ಕ



ನಮ್ಮ ಸಂಘದ ಪುಟದಲ್ಲಿ ಸಾಮಾನ್ಯವಾಗಿ ಹಬ್ಬ, ರಾಜ್ಯೋತ್ಸವ, ಶಾಲಾ ಮಕ್ಕಳ ಸ್ಪರ್ಧೆ, ಸಾಧಕರ ಸನ್ಮಾನ ಇಂಥ ವಿಷಯಗಳೇ ಬರುತ್ತವೆ. ಈ ಸಲ ಸ್ವಲ್ಪ ಬೇರೆ ಮಾತು. ಕಾರ್ಯಕ್ರಮ ಮುಗಿದು ಕುರ್ಚಿ ಎತ್ತಿಡುವ ಹೊತ್ತಿಗೆ ನಮ್ಮ ಹುಡುಗರು ಹತ್ತಿರ ಬಂದು ಕೇಳುವ ಪ್ರಶ್ನೆ ಒಂದಿದೆ: "ಅಣ್ಣಾ, ಮೂವತ್ತು ಲಕ್ಷದ ಒಂದು ಕೆಲಸ ಬಿದ್ದಿದೆ. ಹಾಕ್ಬೋದಾ?"

ಕೇಳುವವರು ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಅಥವಾ ಬಿ.ಇ. ಮುಗಿಸಿ, ಬೆಂಗಳೂರಿನಲ್ಲೋ ಕೊಯಮತ್ತೂರಿನಲ್ಲೋ ನಾಲ್ಕೈದು ವರ್ಷ ದುಡಿದು, ಊರಿನಲ್ಲೇ ಏನಾದರೂ ಮಾಡೋಣವೆಂದು ಹಿಂದಿರುಗಿದವರು. ಇಬ್ಬರೋ ಮೂವರೋ ಸೇರಿ ಸಣ್ಣ ಸಂಸ್ಥೆ ಕಟ್ಟಿಕೊಂಡಿದ್ದಾರೆ. ಅಂಗನವಾಡಿ ಕಟ್ಟಡ, ಚರಂಡಿ, ನೀರಿನ ಟ್ಯಾಂಕು, ಪೈಪ್‌ಲೈನು, ಚೆಕ್ ಡ್ಯಾಮು, ಸೋಲಾರ್ ಬೇಲಿ, ಶೆಡ್ಡಿನ ಕಬ್ಬಿಣದ ಕೆಲಸ ಇವೇ ಅವರ ಜೀವನ. ಕೆಲಸ ಗೊತ್ತು, ಮೇಸ್ತ್ರಿಗಳು ಗೊತ್ತು. ಆದರೆ ಎಷ್ಟು ದೊಡ್ಡ ಕೆಲಸ ಹಿಡಿಯಬೇಕು ಎಂಬುದನ್ನು ಯಾವ ಕಾಲೇಜೂ ಹೇಳಿಕೊಟ್ಟಿಲ್ಲ. ಅಳತೆ ಮೀರಿದ ಒಂದೇ ಒಂದು ಗುತ್ತಿಗೆಗೆ ಮನೆಯವರ ಒಡವೆ, ಅಪ್ಪನ ಹೆಸರಿನ ಜಮೀನು ಎಲ್ಲವೂ ಅಡ ಬೀಳಬಹುದು. ಆದ್ದರಿಂದ ಬಲ್ಲವರನ್ನು ಕೇಳಿ, ಲೆಕ್ಕ ಹಾಕಿ, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಗುತ್ತಿಗೆಯ ವಿಷಯದಲ್ಲಿ ಹಾಸಿಗೆ ಒಂದಲ್ಲ, ಮೂರು. ಟೆಂಡರ್ ನಿಯಮ ಬಿಡುವಷ್ಟು, ಕೈಯಲ್ಲಿರುವ ಹಣ ಬಿಡುವಷ್ಟು, ನಮ್ಮ ಬೆಟ್ಟ ಬಿಡುವಷ್ಟು. ಈ ಮೂರರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಗುತ್ತಿಗೆಯ ಅಳತೆ.

ಮೊದಲ ಅಳತೆ: ಟೆಂಡರ್ ಬಿಡುವಷ್ಟು

ಸರ್ಕಾರಿ ಕೆಲಸ ಹಿಡಿಯಬೇಕಾದರೆ ಮೊದಲು ಗುತ್ತಿಗೆದಾರರಾಗಿ ನೋಂದಣಿ ಬೇಕು. ನೋಂದಣಿಯಲ್ಲಿ ದರ್ಜೆಗಳಿವೆ. ಯಾವ ದರ್ಜೆಯವರು ಎಷ್ಟು ಮೊತ್ತದವರೆಗೆ ಟೆಂಡರ್ ಹಾಕಬಹುದು ಎಂಬ ಮಿತಿ ಆಯಾ ಇಲಾಖೆಯ ಆದೇಶದಲ್ಲಿರುತ್ತದೆ. ತಮಿಳುನಾಡಿನಲ್ಲಿ ಸರ್ಕಾರಿ ಖರೀದಿಗೆ 1998ರ ಟೆಂಡರ್ ಪಾರದರ್ಶಕತೆ ಕಾಯ್ದೆ, ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಎರಡೂ ಕಡೆ ಈಗ ಟೆಂಡರ್ ಹಾಕುವುದು ಆನ್‌ಲೈನಿನಲ್ಲೇ.

ದರ್ಜೆಯ ಜೊತೆಗೆ ಎರಡು ವಿಷಯ ನೋಡುತ್ತಾರೆ. ಒಂದು, ಹಿಂದಿನ ಅನುಭವ. ಕೇಂದ್ರ ಜಾಗೃತ ಆಯೋಗ 2002ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದಕ್ಕೆ ಒಳ್ಳೆಯ ಮಾದರಿ. ಕಳೆದ 7 ವರ್ಷಗಳಲ್ಲಿ ಅದೇ ಬಗೆಯ ಕೆಲಸ ಮುಗಿಸಿರಬೇಕು. ಟೆಂಡರ್ ಅಂದಾಜಿನ ಶೇ 40ರಷ್ಟು ಮೊತ್ತದ ಮೂರು ಕೆಲಸ, ಅಥವಾ ಶೇ 50ರಷ್ಟರ ಎರಡು, ಅಥವಾ ಶೇ 80ರಷ್ಟರ ಒಂದು ಆಗಿರಬೇಕು. ಕಳೆದ ಮೂರು ವರ್ಷದ ಸರಾಸರಿ ವಹಿವಾಟು ಅಂದಾಜಿನ ಶೇ 30ಕ್ಕೆ ಕಡಿಮೆ ಇರಬಾರದು. ಇಲಾಖೆಯಿಂದ ಇಲಾಖೆಗೆ ಈ ಅಂಕಿಗಳು ಸ್ವಲ್ಪ ಹೆಚ್ಚುಕಡಿಮೆಯಾಗುತ್ತವೆ, ಕ್ರಮ ಮಾತ್ರ ಇದೇ.

ಎರಡನೆಯದು ಟೆಂಡರ್ ಸಾಮರ್ಥ್ಯ. ಇದಕ್ಕೊಂದು ಸೂತ್ರವಿದೆ. ಕಳೆದ ಐದು ವರ್ಷಗಳಲ್ಲಿ ನೀವು ಅತಿ ಹೆಚ್ಚು ಕೆಲಸ ಮಾಡಿದ ವರ್ಷದ ಮೊತ್ತವನ್ನು ತೆಗೆದುಕೊಳ್ಳಿ. ಅದನ್ನು ಹೊಸ ಕೆಲಸ ಮುಗಿಸಲು ಕೊಟ್ಟಿರುವ ಅವಧಿಯಿಂದ, ಅಂದರೆ ವರ್ಷದ ಲೆಕ್ಕದಲ್ಲಿ, ಗುಣಿಸಿ. ಬಂದದ್ದನ್ನು ಟೆಂಡರ್ ದಾಖಲೆಯಲ್ಲಿ ಹೇಳಿರುವ ಅಂಕಿಯಿಂದ ಮತ್ತೆ ಗುಣಿಸಿ. ಕೆಲವು ಕಡೆ ಅದು 1.5, ಕೆಲವು ಕಡೆ 2. ಕೊನೆಗೆ, ಈಗಾಗಲೇ ಕೈಯಲ್ಲಿರುವ ಕೆಲಸಗಳಲ್ಲಿ ಆ ಅವಧಿಯೊಳಗೆ ಮುಗಿಸಬೇಕಾದ ಮೊತ್ತವನ್ನು ಕಳೆಯಿರಿ.

ಉದಾಹರಣೆಗೆ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಇಬ್ಬರು ಗೆಳೆಯರದು. ಅವರ ಅತಿ ಹೆಚ್ಚಿನ ವರ್ಷದ ಕೆಲಸ 40 ಲಕ್ಷ. ಹೊಸ ಟೆಂಡರಿನ ಅವಧಿ 6 ತಿಂಗಳು, ಅಂದರೆ ಅರ್ಧ ವರ್ಷ. ಗುಣಿಸುವ ಅಂಕಿ 2. ಕೈಯಲ್ಲಿ ಉಳಿದಿರುವ ಕೆಲಸ 10 ಲಕ್ಷ. 40ರ ಅರ್ಧ 20, ಅದರ ಎರಡರಷ್ಟು 40, ಅದರಲ್ಲಿ 10 ಕಳೆದರೆ 30 ಲಕ್ಷ. ಅಂದರೆ ನಿಯಮದ ಪ್ರಕಾರ 30 ಲಕ್ಷದ ಕೆಲಸಕ್ಕೆ ಇವರು ಅರ್ಹರು.

ನಮ್ಮವರಲ್ಲಿ ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. "ಇಲಾಖೆಯವರೇ ಅರ್ಹ ಅಂದ ಮೇಲೆ ಇನ್ನೇನು?" ಎನ್ನುತ್ತಾರೆ. ಆದರೆ ಆ ಸೂತ್ರ ಕೇಳುವುದು ನೀವು ಹಿಂದೆ ಎಷ್ಟು ಕೆಲಸ ಮಾಡಿದ್ದೀರಿ ಎಂದು. ಬಿಲ್ ಬರುವವರೆಗೆ ನಿಮ್ಮ ಮನೆ ಹೇಗೆ ನಡೆಯುತ್ತದೆ ಎಂದು ಅದು ಕೇಳುವುದಿಲ್ಲ.

ಎರಡನೆಯ ಅಳತೆ: ಕೈಯಲ್ಲಿರುವಷ್ಟು

ಅದೇ ಇಬ್ಬರು ಗೆಳೆಯರ ಲೆಕ್ಕ ಮುಂದುವರಿಸೋಣ. ಸ್ವಂತ ಹಣ 12 ಲಕ್ಷ, ಬ್ಯಾಂಕಿನ ಓಡಿ 8 ಲಕ್ಷ, ಒಟ್ಟು 20 ಲಕ್ಷ. ಕೆಲಸ 30 ಲಕ್ಷದ್ದು, 6 ತಿಂಗಳಿನದು. ತಿಂಗಳಿಗೆ 5 ಲಕ್ಷದ ಕೆಲಸ ನಡೆಯಬೇಕು. ನೂರು ರೂಪಾಯಿ ಕೆಲಸಕ್ಕೆ ತೊಂಬತ್ತು ರೂಪಾಯಿ ಖರ್ಚು ಎಂದುಕೊಂಡರೆ ತಿಂಗಳಿಗೆ 4.5 ಲಕ್ಷ ಕೈಯಿಂದ ಹೋಗುತ್ತದೆ. ಭದ್ರತಾ ಠೇವಣಿ ಶೇ 5 ಎಂದಿಟ್ಟುಕೊಂಡರೆ 1.5 ಲಕ್ಷ ಕೆಲಸ ಶುರುವಾಗುವ ಮೊದಲೇ ಹೋಯಿತು.

ಈಗ ಬಿಲ್ಲಿನ ದಾರಿ. ಎರಡು ತಿಂಗಳು ಕೆಲಸವಾದ ಮೇಲೆ ಎಂಜಿನಿಯರ್ ಬಂದು ಅಳತೆ ತೆಗೆದು ಎಂ-ಬುಕ್ಕಿನಲ್ಲಿ ಬರೆಯುತ್ತಾರೆ. ಅಲ್ಲಿಂದ ಬಿಲ್ ಮೇಲಕ್ಕೆ ಹೋಗಿ, ಪರಿಶೀಲನೆಯಾಗಿ, ಅನುದಾನವಿದ್ದರೆ ಹಣ ಬರುತ್ತದೆ. ಅದಕ್ಕೆ ಎರಡು ತಿಂಗಳು ಹಿಡಿಯೋಣ. ಅಂದರೆ ಮೊದಲ ಹಣ ಕೈ ಸೇರುವುದು ನಾಲ್ಕನೆಯ ತಿಂಗಳ ಕೊನೆಗೆ. ಅಷ್ಟರಲ್ಲಿ ಖರ್ಚಾದದ್ದು 18 ಲಕ್ಷ, ಠೇವಣಿ ಸೇರಿ 19.5 ಲಕ್ಷ. ಇದ್ದದ್ದು 20 ಲಕ್ಷ. "ಸರಿಹೋಯಿತಲ್ಲ" ಎನಿಸುತ್ತದೆ.

ಬಿಲ್ ಒಂದು ತಿಂಗಳು ತಡವಾದರೆ? ಖರ್ಚು 24 ಲಕ್ಷ, 4 ಲಕ್ಷ ಕೊರತೆ. ಎರಡು ತಿಂಗಳು ತಡವಾದರೆ ಖರ್ಚು 28.5 ಲಕ್ಷ, ಕೊರತೆ 8.5 ಲಕ್ಷ. ಆಗ ಕೈಸಾಲವೇ ಗತಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 8.5 ಲಕ್ಷಕ್ಕೆ ತಿಂಗಳಿಗೆ 25,500 ರೂಪಾಯಿ. ನಾಲ್ಕು ತಿಂಗಳಾದರೆ 1,02,000. ಇಡೀ ಕೆಲಸದ ಲಾಭವೇ 3 ಲಕ್ಷ. ಮೂರನೇ ಒಂದು ಪಾಲು ಬಡ್ಡಿಗೆ ಹೋಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಹಣವಿಲ್ಲದೆ ಕೆಲಸ ನಿಲ್ಲುವುದು. ಶನಿವಾರ ಬಟವಾಡೆ ಆಗದಿದ್ದರೆ ಸೋಮವಾರ ಮೇಸ್ತ್ರಿ ಬರುವುದಿಲ್ಲ. ಕೆಲಸ ನಿಂತರೆ ಮುಂದಿನ ಬಿಲ್ ಇಲ್ಲ, ಬಿಲ್ ಇಲ್ಲದಿದ್ದರೆ ಕೆಲಸ ಮತ್ತೆ ಶುರುವಾಗುವುದಿಲ್ಲ.

ಆದ್ದರಿಂದ ನಾವು ಹೇಳುವುದು ಇಷ್ಟು: ಹಣ ಹೇಳಿದ ಹೊತ್ತಿಗೆ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಎರಡು ತಿಂಗಳು ತಡವಾಗಿ ಬರುತ್ತದೆ ಎಂದೇ ಲೆಕ್ಕ ಹಾಕಿ. ಈ ಉದಾಹರಣೆಯಲ್ಲಿ ಎರಡು ತಿಂಗಳು ತಡವಾದರೆ, ಮೊದಲ ಪೈಸೆ ಬರುವ ಮುನ್ನ ಇಡೀ ಕೆಲಸ ಮುಗಿದಿರುತ್ತದೆ. ಗುತ್ತಿಗೆಯ ನೂರರಲ್ಲಿ ತೊಂಬತ್ತು ಖರ್ಚು, ಐದು ಠೇವಣಿ, ಒಟ್ಟು ತೊಂಬತ್ತೈದು ನಿಮ್ಮ ಜೇಬಿನದು. ಜೇಬಿನಲ್ಲಿ 20 ಲಕ್ಷ ಇದ್ದರೆ 21 ಲಕ್ಷದ ಗುತ್ತಿಗೆ ತಡೆದುಕೊಳ್ಳಬಹುದು. ನಿಯಮ ಬಿಟ್ಟದ್ದು 30, ಕೈ ಬಿಡುವುದು 21. ನಡುವೆ ಇರುವ ಆ 9 ಲಕ್ಷದಲ್ಲೇ ಒಡವೆ ಅಡ ಹೋಗುವುದು.

ನಿಮ್ಮ ಅಂಕಿಗಳು ಬೇರೆ ಇರುತ್ತವೆ. ಅಂಗಡಿಯವರು ಒಂದು ತಿಂಗಳು ಸಾಲ ಕೊಡುವವರಿದ್ದರೆ ಲೆಕ್ಕ ಸ್ವಲ್ಪ ಹಗುರ. ಕಬ್ಬಿಣ, ಸಿಮೆಂಟು ಎಲ್ಲ ನಗದಿಗೇ ತರಬೇಕಾದರೆ ಭಾರ. ಆದರೆ ಲೆಕ್ಕ ಹಾಕುವ ಕ್ರಮ ಇದೇ. ಒಂದು ಹಾಳೆಯಲ್ಲಿ ತಿಂಗಳುಗಳ ಹೆಸರು ಸಾಲಾಗಿ ಬರೆಯಿರಿ. ಪ್ರತಿ ತಿಂಗಳ ಕೆಳಗೆ ಹೋಗುವ ಹಣ, ಬರುವ ಹಣ ಬರೆಯಿರಿ. ಯಾವ ತಿಂಗಳು ಅತಿ ಹೆಚ್ಚು ಹಣ ಹೊರಗಿರುತ್ತದೋ ಆ ತಿಂಗಳ ಮೊತ್ತವೇ ನಿಮ್ಮ ಗುತ್ತಿಗೆಯ ನಿಜವಾದ ಗಾತ್ರ.

ಬಿಲ್ ಬಂದಾಗ ಕೈಗೆ ಸಿಗುವುದೆಷ್ಟು

ಹತ್ತು ಲಕ್ಷದ ಬಿಲ್ ಮಂಜೂರಾದರೆ ಹತ್ತು ಲಕ್ಷ ಕೈಗೆ ಬರುವುದಿಲ್ಲ. ಒಬ್ಬರೇ ಮಾಲೀಕರಿರುವ ಸಂಸ್ಥೆಗೆ ಆದಾಯ ತೆರಿಗೆಯ ಟಿಡಿಎಸ್ ಶೇ 1, ಪಾಲುದಾರಿಕೆ ಸಂಸ್ಥೆಗೆ ಅಥವಾ ಕಂಪನಿಗೆ ಶೇ 2. ಗುತ್ತಿಗೆ 2.5 ಲಕ್ಷ ಮೀರಿದ್ದರೆ ಸರ್ಕಾರಿ ಇಲಾಖೆ ಜಿಎಸ್‌ಟಿ ಟಿಡಿಎಸ್ ಶೇ 2 ಹಿಡಿಯುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಶೇ 1. ಕೆಲಸದ ಗುಣಮಟ್ಟದ ಖಾತರಿಗೆ ಬಿಲ್ಲಿನಿಂದ ತಡೆಹಿಡಿಯುವ ಹಣ ಶೇ 5 ಎಂದುಕೊಂಡರೆ, ನಮ್ಮ ಉದಾಹರಣೆಯ ಪಾಲುದಾರಿಕೆ ಸಂಸ್ಥೆಗೆ ಒಟ್ಟು ಶೇ 10 ಕಡಿತ. ಹತ್ತು ಲಕ್ಷದಲ್ಲಿ ಕೈಗೆ ಬರುವುದು 9 ಲಕ್ಷ. ಲಾಭ ಇದ್ದದ್ದೇ ಶೇ 10. ಅಂದರೆ ಬಿಲ್ ಬಂದ ದಿನ ನಿಮಗೆ ಸಿಗುವುದು ನೀವು ಹಾಕಿದ ಖರ್ಚು ಮಾತ್ರ.

ಇದರಲ್ಲಿ ಹೆಚ್ಚಿನ ಹಣ ಕಳೆದುಹೋಗುವುದಿಲ್ಲ. ಟಿಡಿಎಸ್ ಅನ್ನು ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು, ತಡೆಹಿಡಿದ ಹಣ ದೋಷ ಹೊಣೆಯ ಅವಧಿ ಮುಗಿದ ಮೇಲೆ ಹಿಂದಿರುಗುತ್ತದೆ. ಆದರೆ ಆ ಹಣ ಬರುವ ಹೊತ್ತಿಗೆ ನೀವು ಇನ್ನೂ ಎರಡು ಕೆಲಸ ಶುರು ಮಾಡಿರುತ್ತೀರಿ. ಅಲ್ಲೂ ಇದೇ ಕಡಿತ. ಹೀಗೆ ವಹಿವಾಟು ಬೆಳೆದಂತೆಲ್ಲ ಸಿಕ್ಕಿಕೊಂಡ ಹಣವೂ ಬೆಳೆಯುತ್ತದೆ. "ಪುಸ್ತಕದಲ್ಲಿ ಲಾಭ, ಪೆಟ್ಟಿಗೆಯಲ್ಲಿ ಬರಿದು" ಎಂದು ನಮ್ಮವರು ಹೇಳುವುದು ಇದಕ್ಕೇ.

ಜಿಎಸ್‌ಟಿ ಬೇರೆ. ಸರ್ಕಾರಿ ಕಾಮಗಾರಿಗೆ 2022ರ ಜುಲೈ 18ರಿಂದ ದರ ಸಾಮಾನ್ಯವಾಗಿ ಶೇ 18. ಇಲಾಖೆ ಹಣ ಕೊಡುವ ಮುನ್ನವೇ ನೀವು ತೆರಿಗೆ ಇನ್‌ವಾಯ್ಸ್ ಎತ್ತಿದರೆ ಮರುತಿಂಗಳೇ ತೆರಿಗೆ ಕಟ್ಟಬೇಕಾದೀತು. ಯಾವ ಹಂತದಲ್ಲಿ ಇನ್‌ವಾಯ್ಸ್ ಎತ್ತಬೇಕು ಎಂಬುದನ್ನು ಲೆಕ್ಕಪರಿಶೋಧಕರ ಹತ್ತಿರ ಮೊದಲೇ ಕೇಳಿಕೊಳ್ಳಿ. ಟೆಂಡರಿನಲ್ಲಿ ನೀವು ಹಾಕುವ ದರ ಜಿಎಸ್‌ಟಿ ಸೇರಿಯೋ ಹೊರತುಪಡಿಸಿಯೋ ಎಂಬುದನ್ನು ಎರಡು ಸಲ ಓದಿ. ಈ ಒಂದು ಸಾಲು ತಪ್ಪಾಗಿ ಓದಿದರೆ ಲಾಭವೆಲ್ಲ ಹೋಗಿ ಕೈಯಿಂದಲೂ ಹೋಗುತ್ತದೆ.

ತಡವಾದ ಹಣಕ್ಕೆ ಕಾನೂನಿನ ಆಸರೆ ಇಲ್ಲವೇ ಎಂದು ಕೇಳುವಿರಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ, ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಸಂಸ್ಥೆಗೆ ಖರೀದಿದಾರರು 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಕಬ್ಬಿಣದ ಗೇಟು, ಟ್ಯಾಂಕು, ಯಂತ್ರದ ಬಿಡಿಭಾಗ ಮಾಡಿಕೊಡುವವರಿಗೆ, ರಿಪೇರಿ ಸೇವೆ ಕೊಡುವವರಿಗೆ ಇದು ಗಟ್ಟಿ ಆಸರೆ. ಆದರೆ ಕಟ್ಟಡ, ರಸ್ತೆಯಂಥ ಕಾಮಗಾರಿ ಗುತ್ತಿಗೆಗೆ ಇದು ಅನ್ವಯಿಸುತ್ತದೆಯೇ ಎಂಬ ಬಗ್ಗೆ ನ್ಯಾಯಾಲಯಗಳಲ್ಲಿ ವಾದವಿದೆ. ಅದನ್ನೇ ನಂಬಿ ದೊಡ್ಡ ಕಾಮಗಾರಿ ಹಿಡಿಯಬೇಡಿ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಮಾಡಿಸದವರು ಇವತ್ತೇ ಮಾಡಿಸಿಕೊಳ್ಳಿ.

ಮೂರನೆಯ ಅಳತೆ: ಬೆಟ್ಟ ಬಿಡುವಷ್ಟು

ಈರೋಡಿನ ಬಯಲಿನಲ್ಲಿ ಆರು ತಿಂಗಳಲ್ಲಿ ಮುಗಿಯುವ ಕೆಲಸ ನಮ್ಮಲ್ಲಿ ಆರು ತಿಂಗಳಲ್ಲಿ ಮುಗಿಯುತ್ತದೆ ಎನ್ನುವಂತಿಲ್ಲ. ಕಾರಣ ನಮಗೆಲ್ಲ ಗೊತ್ತು, ಆದರೆ ದರ ಹಾಕುವಾಗ ಮರೆಯುತ್ತೇವೆ.

ಮೊದಲನೆಯದು ಘಾಟಿ. ಸತ್ಯಮಂಗಲದಿಂದ ಮೇಲೆ ಬರಬೇಕಾದರೆ ದಿಂಬಂ ಘಾಟಿಯ 27 ಕೊಂಡಿ ತಿರುವು ಹತ್ತಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ಬಣ್ಣಾರಿ ಮತ್ತು ಕಾರಪಳ್ಳಂ ನಡುವೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಸ್ಥಳೀಯರಿಗೆ ಬಳಿಕ ಸಡಿಲಿಕೆ ಸಿಕ್ಕಿದರೂ, 16.2 ಟನ್ ಮೀರಿದ ಭಾರಿ ವಾಹನಗಳಿಗೆ ತಡೆ ಬಂತು. ಹುಲಿ ಸಂರಕ್ಷಿತ ಪ್ರದೇಶದ ಪ್ರಾಣಿಗಳಿಗೆ ಇದು ಬೇಕಾದದ್ದೇ. ಆದರೆ ಗುತ್ತಿಗೆದಾರರ ಲೆಕ್ಕದಲ್ಲಿ ಇದರ ಅರ್ಥವೇನು? 200 ಚೀಲ ಸಿಮೆಂಟ್ ಎಂದರೆ 10 ಟನ್. ಬಯಲಿನವರು ದೊಡ್ಡ ಲಾರಿಯಲ್ಲಿ ಒಂದೇ ಸಲ ಇಳಿಸಿಕೊಳ್ಳುವ ಕಂಬಿ, ಸಿಮೆಂಟು, ಜಲ್ಲಿ ನಮಗೆ ಚಿಕ್ಕ ಲಾರಿಯಲ್ಲಿ ಎರಡು ಮೂರು ಸಲ ಬರಬೇಕು. ಬಾಡಿಗೆ ಹೆಚ್ಚು, ಕಾಯುವ ದಿನವೂ ಹೆಚ್ಚು. ಇಲಾಖೆಯ ಅಂದಾಜಿನಲ್ಲಿ ಸಾಗಣೆಗೆ ಎಷ್ಟು ಇಟ್ಟಿದ್ದಾರೆ, ಯಾವ ಕ್ವಾರಿಯಿಂದ ಎಷ್ಟು ಕಿಲೋಮೀಟರ್ ಎಂದು ಬರೆದಿದ್ದಾರೆ ಎಂಬುದನ್ನು ನೋಡಿಯೇ ದರ ಹಾಕಬೇಕು.

ಎರಡನೆಯದು ಕಾಡು. ನಮ್ಮ ಅನೇಕ ಹಾಡಿ, ದೊಡ್ಡಿಗಳಿಗೆ ಹೋಗುವ ದಾರಿ ಅರಣ್ಯದ ಒಳಗಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ, ಸಮುದಾಯ ಭವನ ಸೇರಿ 13 ಬಗೆಯ ಸೌಕರ್ಯಕ್ಕೆ ಅರಣ್ಯ ಭೂಮಿ ಬಿಟ್ಟುಕೊಡಲು ಅವಕಾಶವಿದೆ. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಈ ಅನುಮತಿ ಪತ್ರ ಬಂದಿದೆಯೇ ಎಂಬುದನ್ನು ಟೆಂಡರ್ ಹಾಕುವ ಮುನ್ನವೇ ಕೇಳಿ, ಪ್ರತಿ ನೋಡಿ. "ಬರುತ್ತೆ, ಶುರು ಮಾಡಿ" ಎಂಬ ಬಾಯಿಮಾತಿಗೆ ಜಲ್ಲಿ ಇಳಿಸಿದವರ ಹಣ ಜಲ್ಲಿಯ ಜೊತೆಗೇ ದಾರಿಬದಿಯಲ್ಲಿ ಬಿದ್ದಿರುತ್ತದೆ.

ಮೂರನೆಯದು ದಿನದ ಉದ್ದ. ಆನೆ ಓಡಾಡುವ ಕಡೆ ಕೆಲಸವಿದ್ದರೆ ಕೂಲಿಯವರನ್ನು ಕತ್ತಲಾಗುವ ಮೊದಲೇ ಊರು ಸೇರಿಸಬೇಕು. ಮಳೆಗಾಲದಲ್ಲಿ ಮಣ್ಣುದಾರಿಯಲ್ಲಿ ಟ್ರ್ಯಾಕ್ಟರ್ ಕೂಡ ಹೋಗುವುದಿಲ್ಲ. ಬಾಳೆ, ಅರಿಸಿನ, ಕಬ್ಬಿನ ಕೆಲಸ ಬಂದಾಗ ಆಳುಗಳು ತಮ್ಮ ಹೊಲಕ್ಕೇ ಹೋಗುತ್ತಾರೆ, ಅದರಲ್ಲಿ ತಪ್ಪೂ ಇಲ್ಲ.

ಇವೆಲ್ಲ ಸೇರಿ ಆರು ತಿಂಗಳ ಕೆಲಸ ಎಂಟು ತಿಂಗಳಾಯಿತು ಎಂದುಕೊಳ್ಳಿ. ಸೂಪರ್‌ವೈಸರ್ ಸಂಬಳ, ಮಿಕ್ಸರ್ ಮತ್ತು ಸೆಂಟ್ರಿಂಗ್ ಸಾಮಾನಿನ ಬಾಡಿಗೆ, ಶೆಡ್ಡು, ಓಡಾಟ ಸೇರಿ ತಿಂಗಳಿಗೆ 40,000 ಆದರೂ ಎರಡು ತಿಂಗಳಿಗೆ 80,000. ನಮ್ಮ ಇಬ್ಬರು ಗೆಳೆಯರ 21 ಲಕ್ಷದ ಕೆಲಸದಲ್ಲಿ ಲಾಭ 2.1 ಲಕ್ಷ. ಮೂರನೇ ಒಂದು ಪಾಲಿಗಿಂತ ಹೆಚ್ಚು ಇಲ್ಲೇ ಹೋಯಿತು. ಇದಕ್ಕೆ ಎರಡೇ ದಾರಿ. ದರದಲ್ಲಿ ಈ ಖರ್ಚು ಸೇರಿಸಿ ಹಾಕಿ, ಸಿಗದಿದ್ದರೆ ಬಿಡಿ. ಇಲ್ಲವೇ ಬೆಟ್ಟದ ಒಳಗಿನ ಕೆಲಸಕ್ಕೆ ಇನ್ನೂ ಚಿಕ್ಕ ಗುತ್ತಿಗೆ ಆರಿಸಿ, ಒಂದು ಮಳೆಗಾಲಕ್ಕೂ ಇನ್ನೊಂದಕ್ಕೂ ನಡುವೆ ಮುಗಿಸಿ. ಅವಧಿ ಮೀರುವ ಸೂಚನೆ ಕಂಡರೆ, ಗಡುವು ಮುಗಿಯುವ ಮೊದಲೇ ಕಾರಣ ಬರೆದು ಅವಧಿ ವಿಸ್ತರಣೆ ಕೇಳಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆಮೇಲೆ ಕೇಳಿದರೆ ದಂಡ ಕಟ್ಟಬೇಕಾಗುತ್ತದೆ.

ಎರಡು ರಾಜ್ಯದ ಅಂಚಿನಲ್ಲಿ

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು, ನಮ್ಮ ತಾಳವಾಡಿ ಸೀಮೆ ಇಲ್ಲೇ ಉಳಿಯಿತು. ಹಾಗಾಗಿ ನಮ್ಮ ಜಿಲ್ಲಾ ಕಚೇರಿ ಘಾಟಿ ಇಳಿದು ನೂರು ಕಿಲೋಮೀಟರಿಗೂ ಆಚೆ, ನಮ್ಮ ಸಂತೆ, ಸಾಮಾನು, ನೆಂಟಸ್ತಿಕೆ ಚಾಮರಾಜನಗರದ ಕಡೆ. ಎರಡೂ ಕಡೆ ಕೆಲಸ ಹಿಡಿಯಬಹುದು ಎಂಬುದು ನಮಗೆ ಅನುಕೂಲವೇ. ಆದರೆ ಗಡಿ ದಾಟಿದ ಕೆಲಸಕ್ಕೆ ಬೇರೆ ಲೆಕ್ಕವಿದೆ.

ತಮಿಳುನಾಡಿನಲ್ಲಿ ಮಾತ್ರ ಜಿಎಸ್‌ಟಿ ನೋಂದಣಿ ಇರುವ ಸಂಸ್ಥೆ ಚಾಮರಾಜನಗರದಲ್ಲಿ ಸಿಮೆಂಟ್ ಕೊಂಡು ಅಲ್ಲಿನ ಕೆಲಸಕ್ಕೇ ಇಳಿಸಿಕೊಂಡರೆ, ಅಂಗಡಿಯವರು ಸಾಮಾನ್ಯವಾಗಿ ಕರ್ನಾಟಕದ ತೆರಿಗೆ ಹಾಕುತ್ತಾರೆ. ಆ ತೆರಿಗೆಯನ್ನು ತಮಿಳುನಾಡಿನ ನೋಂದಣಿಯಲ್ಲಿ ಹೊಂದಿಸಿಕೊಳ್ಳಲು ಆಗುವುದಿಲ್ಲ, ಅದು ನಿಮ್ಮ ಖರ್ಚಾಗಿಯೇ ಉಳಿಯುತ್ತದೆ. ಜಲ್ಲಿ, ಎಂ-ಸ್ಯಾಂಡ್ ಗಡಿ ದಾಟಿ ಬರುವಾಗ ಖನಿಜ ಸಾಗಣೆಯ ಪರವಾನಗಿ ಇರಬೇಕು. ಗುತ್ತಿಗೆದಾರರ ನೋಂದಣಿಯೂ ರಾಜ್ಯಕ್ಕೊಂದು. ಗಡಿಯಾಚೆಗಿನ ಮೊದಲ ಕೆಲಸ ನಿಮ್ಮ ಸಾಮಾನ್ಯ ಅಳತೆಯ ಅರ್ಧದಷ್ಟಿರಲಿ. ಕಚೇರಿ, ಕಾಗದ, ಜನ ಎಲ್ಲ ಪರಿಚಯವಾದ ಮೇಲೆ ಬೆಳೆಯಬಹುದು.

ತೀರಾ ಚಿಕ್ಕದೂ ನಷ್ಟವೇ

ಇಷ್ಟೆಲ್ಲ ಓದಿ ಹೆದರಿ, ಬರೀ ಎರಡು ಲಕ್ಷದ ಕೆಲಸಗಳನ್ನೇ ಹಿಡಿಯುತ್ತೇವೆ ಎಂದರೆ ಅದೂ ಸರಿಯಲ್ಲ. ಕೆಲಸ ಚಿಕ್ಕದಾದರೂ ಟೆಂಡರ್ ಕಾಗದ, ಠೇವಣಿ, ಕರಾರು, ಅಳತೆ, ಬಿಲ್ಲಿಗಾಗಿ ಸತ್ಯಮಂಗಲಕ್ಕೋ ಈರೋಡಿಗೋ ಓಡಾಟ ಎಲ್ಲ ಅಷ್ಟೇ. ಒಂದು ಕೆಲಸಕ್ಕೆ ಈ ಖರ್ಚು 15,000 ಎಂದುಕೊಂಡರೆ, 2 ಲಕ್ಷದ ಕೆಲಸದಲ್ಲಿ ಅದು ಶೇ 7.5. 20 ಲಕ್ಷದ ಕೆಲಸದಲ್ಲಿ ಶೇ 0.75. ಹತ್ತು ಕಡೆ ಹತ್ತು ಚಿಕ್ಕ ಕೆಲಸ ಇದ್ದರೆ ಹತ್ತು ಕಡೆಗೂ ನೀವೇ ಹೋಗಿ ನಿಲ್ಲಬೇಕು. ನಿಲ್ಲದ ಕಡೆ ಕೆಲಸ ಕೆಡುತ್ತದೆ.

ನಮ್ಮ ಸಲಹೆ: ಜೇಬಿನ ಅಳತೆ 21 ಲಕ್ಷ ಬಂದಿದ್ದರೆ, ಅದನ್ನೆಲ್ಲ ಒಂದೇ ಇಲಾಖೆಯ ಒಂದೇ ಕೆಲಸಕ್ಕೆ ಸುರಿಯುವ ಬದಲು 12-13 ಲಕ್ಷದ ಒಂದು ಸರ್ಕಾರಿ ಕೆಲಸ, ಜೊತೆಗೆ ಬೇಗ ಹಣ ಬರುವ ಒಂದೆರಡು ಖಾಸಗಿ ಕೆಲಸ ಇಟ್ಟುಕೊಳ್ಳಿ. ರೈತರ ಪಂಪ್‌ಹೌಸು, ಶೆಡ್ಡು, ಮನೆಯ ಕೆಲಸದಲ್ಲಿ ಲಾಭ ಕಡಿಮೆ ಇರಬಹುದು, ಆದರೆ ಶನಿವಾರದ ಬಟವಾಡೆಗೆ ಅದೇ ಆಧಾರ. ಮುಂಗಡ ಕೇಳಲು ನಾಚಿಕೆ ಬೇಡ.

ಮೆಟ್ಟಿಲು ಮೆಟ್ಟಿಲಾಗಿ

ಹಾಗಾದರೆ ಬೆಳೆಯುವುದು ಹೇಗೆ? ಮೇಲೆ ಹೇಳಿದ 40, 50, 80ರ ನಿಯಮವನ್ನು ಮತ್ತೆ ನೋಡಿ. 20 ಲಕ್ಷದ ಒಂದು ಕೆಲಸ ಮುಗಿಸಿದ್ದರೆ 25 ಲಕ್ಷದ ಟೆಂಡರಿಗೆ ಅರ್ಹತೆ. ಅಂಥ ಎರಡು ಮುಗಿಸಿದ್ದರೆ 40 ಲಕ್ಷಕ್ಕೆ. ಮೂರು ಮುಗಿಸಿದ್ದರೆ 50 ಲಕ್ಷಕ್ಕೆ. ಅಂದರೆ ಒಂದೇ ದೊಡ್ಡ ಕೆಲಸಕ್ಕೆ ಹಾರುವವರಿಗಿಂತ, ಒಂದೇ ಅಳತೆಯ ಮೂರು ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸಿದವರು ಮೇಲಿನ ಮೆಟ್ಟಿಲಿಗೆ ಹತ್ತಿರ. ಅರ್ಧಕ್ಕೆ ನಿಂತ 30 ಲಕ್ಷದ ಕೆಲಸಕ್ಕೆ ಮುಕ್ತಾಯ ಪ್ರಮಾಣಪತ್ರ ಸಿಗುವುದಿಲ್ಲ. ಮುಗಿದ 15 ಲಕ್ಷದ ಕೆಲಸಕ್ಕೆ ಸಿಗುತ್ತದೆ. ಪ್ರತಿ ಕೆಲಸ ಮುಗಿದ ಕೂಡಲೇ ಆ ಪ್ರಮಾಣಪತ್ರ ಕೇಳಿ ಪಡೆದು ಜೋಪಾನವಾಗಿಡಿ. ಅಧಿಕಾರಿ ವರ್ಗವಾದ ಮೇಲೆ ಅಲೆದಾಟ ಹೆಚ್ಚು.

ದೊಡ್ಡ ಗುತ್ತಿಗೆದಾರರ ಕೈಕೆಳಗೆ ಒಳಗುತ್ತಿಗೆ ಹಿಡಿಯುವವರು ಬರಹದಲ್ಲಿ ಕರಾರು ಮಾಡಿಕೊಳ್ಳಿ. "ನಮಗೆ ಇಲಾಖೆಯಿಂದ ಬಂದ ಮೇಲೆ ನಿಮಗೆ" ಎಂಬ ಮಾತು ಕರಾರಿನಲ್ಲಿದ್ದರೆ, ಅವರ ತಡವೆಲ್ಲ ನಿಮ್ಮ ತಲೆಗೆ ಬರುತ್ತದೆ. ಆಗ ಮೇಲಿನ ಲೆಕ್ಕದಲ್ಲಿ ಎರಡು ತಿಂಗಳ ಬದಲು ನಾಲ್ಕು ತಿಂಗಳು ತಡ ಎಂದು ಹಿಡಿಯಿರಿ.

ಬ್ಯಾಂಕಿನ ವಿಷಯ ಒಂದು ಮಾತು. ಮುದ್ರಾ ಸಾಲ 10 ಲಕ್ಷದವರೆಗೆ ಸಿಗುತ್ತದೆ. ತರುಣ್ ಸಾಲ ತೆಗೆದುಕೊಂಡು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಅವಕಾಶವಿದೆ. ಸಾಲದ ಅರ್ಜಿಯನ್ನು ಟೆಂಡರ್ ಸಿಕ್ಕ ಮೇಲಲ್ಲ, ಹಾಕುವ ಮೊದಲೇ ಕೊಡಿ. ಅವಸರದಲ್ಲಿ ಓಡಿದವರಿಗೆ ಬ್ಯಾಂಕಿಗಿಂತ ಮೊದಲು ಸಿಗುವುದು ಬಡ್ಡಿಯವರು.

ಹಾಕುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಒಂದು, ಬಿಲ್ ಎರಡು ತಿಂಗಳು ತಡವಾದರೂ ಹೊಸ ಕೈಸಾಲವಿಲ್ಲದೆ ಕೆಲಸ ನಡೆಸಬಲ್ಲೆವೇ?

ಎರಡು, ಅನುದಾನ ಮಂಜೂರಾಗಿದೆಯೇ, ಜಾಗ ಮತ್ತು ಅರಣ್ಯದ ಅನುಮತಿ ಕೈಯಲ್ಲಿದೆಯೇ?

ಮೂರು, ಅಂದಾಜಿಗಿಂತ ಬಹಳ ಕೆಳಗೆ ದರ ಹಾಕಿದರೆ ಹೆಚ್ಚುವರಿ ಭದ್ರತಾ ಠೇವಣಿ ಕೇಳುತ್ತಾರೆಯೇ? ಕೇಳಿದರೆ ಅದೂ ನಮ್ಮ ಜೇಬಿನ ಲೆಕ್ಕದಲ್ಲಿ ಸೇರಿದೆಯೇ?

ನಾಲ್ಕು, ಕಂಬಿ, ಸಿಮೆಂಟಿನ ಬೆಲೆ ಏರಿದರೆ ದರ ಹೆಚ್ಚಿಸುವ ಷರತ್ತು ಇದೆಯೇ? ಇಲ್ಲದಿದ್ದರೆ ಶೇ 5 ಏರಿಕೆ ತಡೆಯುವಷ್ಟು ಲಾಭ ಇದೆಯೇ?

ಐದು, ಸಾಮಾನು ಯಾವ ದಾರಿಯಲ್ಲಿ, ಯಾವ ಅಳತೆಯ ಲಾರಿಯಲ್ಲಿ ಬರಬೇಕು?

ಆರು, ನಮ್ಮಲ್ಲಿ ಒಬ್ಬರು ಹುಷಾರಿಲ್ಲದೆ ಒಂದು ತಿಂಗಳು ಮಲಗಿದರೆ ಕೆಲಸ ನೋಡುವವರು ಯಾರು?

ಏಳು, ಮನೆಯವರಿಗೆ ಈ ಲೆಕ್ಕ ತೋರಿಸಿದ್ದೇವೆಯೇ?

ಕೊನೆಯ ಪ್ರಶ್ನೆಯನ್ನು ಬೇಕೆಂದೇ ಸೇರಿಸಿದ್ದೇವೆ. ಒಡವೆ ಕೊಡುವವರು ಮನೆಯ ಹೆಂಗಸರು, ಜಮೀನಿನ ಪತ್ರಕ್ಕೆ ಸಹಿ ಹಾಕುವವರು ಅಪ್ಪ. ಗುತ್ತಿಗೆ ಹಿಡಿಯುವ ದಿನ ಅವರಿಗೆ ಹೇಳದೆ, ಕೈ ಕಟ್ಟಿದ ದಿನ ಹೋಗಿ ಕೇಳುವುದು ನ್ಯಾಯವಲ್ಲ.

ಟೆಂಡರ್ ದಾಖಲೆಗಳು ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇರುತ್ತವೆ. ಕನ್ನಡದಲ್ಲಿ ಓದಿದ ನಮ್ಮ ಮಕ್ಕಳು ಷರತ್ತುಗಳ ಪುಟ ಬಿಟ್ಟು, ಮೊತ್ತದ ಪುಟ ಮಾತ್ರ ನೋಡುವುದುಂಟು. ಅರ್ಥವಾಗದಿದ್ದರೆ ಸಂಕೋಚ ಬೇಡ. ಸಂಘದ ಮುಂದಿನ ಸಭೆಗೆ ದಾಖಲೆಯನ್ನೂ, ತಿಂಗಳ ಲೆಕ್ಕದ ಆ ಹಾಳೆಯನ್ನೂ ತನ್ನಿ. ನಮ್ಮಲ್ಲಿ ನಿವೃತ್ತ ಎಂಜಿನಿಯರುಗಳಿದ್ದಾರೆ, ಲೆಕ್ಕ ಬಲ್ಲವರಿದ್ದಾರೆ, ತಮಿಳು ಚೆನ್ನಾಗಿ ಓದುವವರಿದ್ದಾರೆ. ಕುಳಿತು ಒಟ್ಟಿಗೆ ಓದೋಣ.

"ಹಾಕ್ಬೋದಾ ಅಣ್ಣಾ?" ಎಂದು ಕೇಳಿದ ತಮ್ಮಂದಿರಿಗೆ ನಮ್ಮ ಉತ್ತರ: ಹಾಕಿ. ಆದರೆ ಮೊದಲು ಹಾಳೆ ತೆಗೆದು ಹಾಸಿಗೆ ಅಳೆಯಿರಿ. ಈ ವರ್ಷ ಬಿಟ್ಟ ಮೂವತ್ತು ಲಕ್ಷದ ಕೆಲಸ ಇನ್ನೆರಡು ವರ್ಷಕ್ಕೆ ಮತ್ತೆ ಬರುತ್ತದೆ. ಆ ಹೊತ್ತಿಗೆ ನಿಮ್ಮ ಸಂಸ್ಥೆ ಊರಿನಲ್ಲೇ ಇರಬೇಕು, ನೀವೂ ಇರಬೇಕು.